ಹೊಸಬರಿಗೆ ಮಾರ್ಗದರ್ಶಿ: ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ದೀಪ ಹಾಕಿ ನೋಡಿ

ಊರಿಂದ ಬರುವ ಕುಟುಂಬಗಳು ಜಾಸ್ತಿ ಬರೋದು ಜೂನ್, ಜುಲೈನಲ್ಲಿ. ಸೆಪ್ಟೆಂಬರಿಗೆ ಮಕ್ಕಳ ಶಾಲೆ ಶುರು. ಅಷ್ಟರೊಳಗೆ ಮನೆ ಆಗಬೇಕು, ಕಾರೂ ಆಗಬೇಕು. ಹಾಗಾಗಿ ನಮ್ಮ ಸಂಘದಲ್ಲಿ ಬಹಳ ಜನ ಮೊದಲ ಕಾರನ್ನು ಬೇಸಿಗೆಯ ಹಗಲಲ್ಲೇ ಕೊಂಡವರು. ಜುಲೈ ಮೊದಲ ವಾರ ಲಂಡನ್ನಿನಲ್ಲಿ ರಾತ್ರಿ 9 ದಾಟಿದರೂ ಬಿಸಿಲಿರುತ್ತದೆ. ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಆಫೀಸಿನಿಂದ ಬರೋದು, ಮಕ್ಕಳನ್ನು ಈಜು ಕ್ಲಾಸಿಗೆ ಬಿಡೋದು ಎಲ್ಲ ಕತ್ತಲಲ್ಲೇ.

ಎಂಜಿನ್, ಟೈರ್, ಕ್ಲಚ್ ನೋಡೋದು ನಿಮಗೆ ಗೊತ್ತು. ಊರಲ್ಲಿ ಮಾಡಿದ ಹಾಗೇ ಮಾಡಿ. ಇಲ್ಲಿ ದೀಪದ ವಿಷಯ ಮಾತ್ರ ಹೇಳುತ್ತೇವೆ.

ನಮಗಾದದ್ದು

ನಾವು ಕಾರು ಕೊಂಡದ್ದು ಜುಲೈನ ಒಂದು ಶನಿವಾರ ಮಧ್ಯಾಹ್ನ. ಬಾನೆಟ್ ಎತ್ತಿ ನೋಡಿದೆವು, ಒಂದು ಸುತ್ತು ಓಡಿಸಿದೆವು, ದುಡ್ಡು ಕೊಟ್ಟೆವು. ಮನೆಗೆ ತಂದು ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಹೆಡ್‌ಲೈಟ್ ಮಾತ್ರ ಯಾರೂ ಹಾಕಿ ನೋಡಲಿಲ್ಲ. ಮೂರು ತಿಂಗಳು ಅದರ ಅಗತ್ಯವೂ ಬೀಳಲಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದಾದ ಮುಂದಿನ ಶನಿವಾರ ರಾಜ್ಯೋತ್ಸವ ಮುಗಿಸಿಕೊಂಡು ಬರುತ್ತಿದ್ದೆವು. ಬೀದಿದೀಪವಿಲ್ಲದ ಹಳ್ಳಿ ರಸ್ತೆ. ಹಿಂದಿನ ಸೀಟಲ್ಲಿ ಮಕ್ಕಳು ನಿದ್ದೆ ಮಾಡಿದ್ದರು. ಎಡಗಡೆಯ ಬೇಲಿ ಹತ್ತು ಹೆಜ್ಜೆ ಆಚೆಗೆ ಕಾಣುತ್ತಿರಲಿಲ್ಲ. ಎದುರಿಂದ ಬಂದ ಗಾಡಿಗಳೆಲ್ಲ ಲೈಟ್ ಮಿಣುಕಿಸಿದವು. ಜಾಗ ಸಿಕ್ಕಲ್ಲಿ ನಿಲ್ಲಿಸಿ ಇಳಿದು ನೋಡಿದರೆ, ಬಲಗಡೆ ದೀಪದ ಬೆಳಕು ನೇರ ಮರದ ಎಲೆಗೆ ಬೀಳುತ್ತಿತ್ತು. ಎಡಗಡೆ ದೀಪದೊಳಗೆ ಒಂದು ಬೆರಳಿನಷ್ಟು ನೀರು. ಬಾನೆಟ್ ಮೇಲೆ ಕೈ ಊರಿದರೆ ಆ ನೀರು ತುಳುಕುತ್ತಿತ್ತು. ಮನೆಗೆ ಇನ್ನೂ ಹದಿನೆಂಟು ಮೈಲಿ ಇತ್ತು. ಆ ದಾರಿ ಇವತ್ತಿಗೂ ಮರೆತಿಲ್ಲ.

ಗ್ಯಾರೇಜಿನವರು ಬಂಪರ್ ಬಿಚ್ಚಿದಾಗ ದೀಪ ಕೂರುವ ಕ್ಲಿಪ್ಪುಗಳು ಮುರಿದಿದ್ದವು. ಯಾವಾಗಲೋ ಮುಂದಿನಿಂದ ಗುದ್ದಿಸಿಕೊಂಡ ಕಾರು. ಎರಡೂ ದೀಪ ಬದಲಾಯಿಸಲು ನೂರಾರು ಪೌಂಡ್ ಹೋಯಿತು.

ಹೇಗೆ ನೋಡಬೇಕು

ಸಾಧ್ಯವಾದರೆ ಮುಸ್ಸಂಜೆ ಹೊತ್ತಿಗೆ ಹೋಗಿ. ಬೇಸಿಗೆಯಲ್ಲಿ ಅಷ್ಟು ಹೊತ್ತಿಗೆ ಹೋಗೋದು ಕಷ್ಟ ಅಂದರೆ, ಬಹುಮಹಡಿ ಕಾರ್ ಪಾರ್ಕಿನ ಕೆಳಗಿನ ಅಂತಸ್ತಿಗೆ ಓಡಿಸಿಕೊಂಡು ಹೋಗಿ. ಟೆಸ್ಟ್ ಡ್ರೈವ್ ಹೇಗೂ ಇದೆ ಅಲ್ವಾ?

ಸಮತಟ್ಟು ನೆಲದಲ್ಲಿ, ಗೋಡೆಗೆ ಐದಾರು ಮೀಟರ್ ದೂರ, ನೇರಕ್ಕೆ ನಿಲ್ಲಿಸಿ ಡಿಪ್ (ತಗ್ಗಿಸಿದ ಬೆಳಕು) ಹಾಕಿ. ಗೋಡೆ ಮೇಲೆ ಬೆಳಕಿನ ಮೇಲಂಚು ಗೆರೆ ಎಳೆದ ಹಾಗೆ ಕಾಣಬೇಕು. ಬಲಕ್ಕೆ ಮಟ್ಟಸ, ಎಡಕ್ಕೆ ಸ್ವಲ್ಪ ಏರು. ಎಡಗಡೆ ರಸ್ತೆಯಂಚು ಕಾಣಲಿ, ಎದುರಿನವರ ಕಣ್ಣಿಗೆ ಹೊಡೆಯದಿರಲಿ ಅಂತ ಹಾಗೆ ಮಾಡಿರುತ್ತಾರೆ. ನಮ್ಮ ದೇಶದಲ್ಲೂ ಎಡಕ್ಕೇ ಓಡಿಸೋದರಿಂದ ಆಕಾರ ಅದೇ. ಏರು ಬಲಕ್ಕಿದ್ದರೆ ಅದು ಯುರೋಪಿನ ಬಲಗಡೆ ಸಂಚಾರಕ್ಕೆ ಮಾಡಿದ ದೀಪ, ಇಲ್ಲಿ ಎಂಓಟಿಯಲ್ಲಿ (ಕಾರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆ) ಫೇಲ್. ಗೆರೆಯೇ ಇಲ್ಲದೆ ಬೆಳಕು ಎಲ್ಲ ಕಡೆ ಚೆಲ್ಲಿದ್ದರೆ ಬಲ್ಬಿನ ಬಗ್ಗೆ ಕೇಳಿ. ಹ್ಯಾಲೊಜನ್ ಬಲ್ಬಿಗೆ ಮಾಡಿದ ದೀಪದೊಳಗೆ ಅಂಗಡಿಯಿಂದ ತಂದ ಎಲ್‌ಇಡಿ ಬಲ್ಬು ಹಾಕಿರುತ್ತಾರೆ. ಊರಲ್ಲಿ ಇದನ್ನು ಶೋಕಿಗೆ ಹಾಕಿಸುತ್ತೇವೆ. ಇಲ್ಲಿ 2021ರಿಂದ ಹಾಗೆ ಮಾಡಿದ ಕಾರನ್ನು ಎಂಓಟಿಯಲ್ಲಿ ಫೇಲ್ ಮಾಡುತ್ತಾರೆ. ನೀವೂ ದಯವಿಟ್ಟು ಹಾಕಿಸಬೇಡಿ.

ಹ್ಯಾಲೊಜನ್ ದೀಪದ ಬಹಳಷ್ಟು ಕಾರುಗಳಲ್ಲಿ ಸ್ಟೀರಿಂಗ್ ಹತ್ತಿರ 0, 1, 2, 3 ಅಂತ ಬರೆದ ಚಿಕ್ಕ ಚಕ್ರ ಇರುತ್ತದೆ. ನೋಡುವಾಗ 0 ಇಡಿ. ತಿರುಗಿಸುತ್ತಾ ಹೋದರೆ ಎರಡೂ ಬೆಳಕು ಒಟ್ಟಿಗೆ ಕೆಳಗಿಳಿಯಬೇಕು. ಊರಿಂದ ಅಪ್ಪ ಅಮ್ಮ ಬಂದು ಹಿಂದೆ ಕೂತಾಗ, ಡಿಕ್ಕಿ ತುಂಬಾ ಸಾಮಾನಿದ್ದಾಗ ಈ ಚಕ್ರ ತಿರುಗಿಸಿ ಬೆಳಕನ್ನು ಇಳಿಸಬೇಕು. ಇಲ್ಲದಿದ್ದರೆ ಕಾರಿನ ಮೂತಿ ಮೇಲೆದ್ದು ಬೆಳಕು ಎದುರಿನವರ ಮುಖಕ್ಕೆ ಬೀಳುತ್ತದೆ.

ಆಮೇಲೆ ದೀಪದ ಹೊರಗಾಜು ನೋಡಿ. ಅದು ನಿಜಕ್ಕೂ ಪ್ಲಾಸ್ಟಿಕ್. ಬಿಸಿಲಿಗೆ ಹಳದಿಯಾಗುತ್ತದೆ, ಮಬ್ಬಾಗುತ್ತದೆ. ತೆಳು ಹಳದಿಯಾದರೆ ಪಾಲಿಶ್ ಮಾಡಿಸಬಹುದು, ಅದಕ್ಕೆ ಕಾರು ಬಿಡಬೇಕಾಗಿಲ್ಲ. ತೇವದ ಮಂಜು ಸ್ವಲ್ಪ ಕಟ್ಟಿ, ಬಿಸಿಗೆ ಆರಿಹೋದರೆ ಅದೂ ಸರಿ. ನೀರು ನಿಂತಿದ್ದರೆ ಬೇಡ. ಒಂದು ಹಳದಿ, ಇನ್ನೊಂದು ಹೊಚ್ಚ ಹೊಸದು ಅಂದರೆ ಯಾಕೆ ಬದಲಾಯಿಸಿದಿರಿ ಅಂತ ಕೇಳಲೇಬೇಕು. ನಾವು ಕೇಳಲಿಲ್ಲ. ಮಾರುವವರ ಮುಂದೆ ಜಾಸ್ತಿ ಪ್ರಶ್ನೆ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ನಮ್ಮವರ ಸಂಕೋಚವನ್ನು ಇಲ್ಲಿ ಬಿಡಿ.

ಹಿಂದಿನ ದೀಪ

ಒಬ್ಬರು ಹಿಂದೆ ನಿಂತು ಬ್ರೇಕ್ ಲೈಟ್ ಮೂರೂ ನೋಡಲಿ. ಇಂಡಿಕೇಟರ್ ಒಂದು ಕಡೆ ಬೇಗಬೇಗ ಟಿಕ್‌ಟಿಕ್ ಅಂದರೆ ಬಲ್ಬು ಹೋಗಿದೆ. ನಂಬರ್ ಪ್ಲೇಟ್ ದೀಪವನ್ನೂ ಎಂಓಟಿಯಲ್ಲಿ ನೋಡುತ್ತಾರೆ. ಹಿಂದಿನ ಕೆಂಪು ಫಾಗ್ ಲೈಟ್ ಎಷ್ಟೋ ಕಾರುಗಳಲ್ಲಿ ಡ್ರೈವರ್ ಕಡೆ ಒಂದೇ ಇರುತ್ತದೆ. ಇನ್ನೊಂದು ಕಡೆ ಉರಿಯಲಿಲ್ಲ ಅಂತ ಗಾಬರಿ ಬೀಳಬೇಡಿ.

ಓಡಿಸುವಾಗ

ಹೊಸ ಕಾರುಗಳಲ್ಲಿ ಹಗಲು ದೀಪ ತಾನಾಗಿ ಉರಿಯುತ್ತದೆ. ಮುಂದೆ ಬೆಳಕಿದೆ ಅಂತ ಸುಮ್ನೆ ಇರಬೇಡಿ. ಎಷ್ಟೋ ಕಾರುಗಳಲ್ಲಿ ಆಗ ಹಿಂದೆ ಕತ್ತಲು. ಮಳೆಯಲ್ಲಿ, ಮಂಜಿನಲ್ಲಿ ಸ್ವಿಚ್ ನೀವೇ ತಿರುಗಿಸಿ. 100 ಮೀಟರ್ ಆಚೆ ಕಾಣದಿದ್ದರೆ ಹೆಡ್‌ಲೈಟ್ ಕಡ್ಡಾಯ. ಫಾಗ್ ಲೈಟ್ ಆಗ ಮಾತ್ರ, ಮಂಜು ತಿಳಿಯಾದ ಕೂಡಲೇ ಆರಿಸಬೇಕು.

ಊರಲ್ಲಿ ಲೈಟ್ ಮಿಣುಕಿಸಿದರೆ "ನಾನು ಬರ್ತಿದ್ದೀನಿ, ನಿಲ್ಲು" ಅಂತ. ಇಲ್ಲಿ ಬಹಳ ಜನ "ನೀವು ಹೋಗಿ" ಅನ್ನೋದಕ್ಕೆ ಮಿಣುಕಿಸುತ್ತಾರೆ. ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಪ್ರಕಾರ ಅದರ ಅರ್ಥ "ನಾನು ಇಲ್ಲಿದ್ದೀನಿ" ಅಂತ ಅಷ್ಟೇ. ಅದನ್ನೇ ನಂಬಿ ಗಾಡಿ ನುಗ್ಗಿಸಬೇಡಿ.

ಕಾಗದಪತ್ರ

- ಕಾರಿನ ನಂಬರ್ ಹಾಕಿದರೆ ಸರ್ಕಾರದ ವೆಬ್‌ಸೈಟಿನಲ್ಲಿ ಹಳೆಯ ಎಂಓಟಿ ಫಲಿತಾಂಶ ಉಚಿತ. "ಹೆಡ್‌ಲ್ಯಾಂಪ್ ಏಮ್" (ಬೆಳಕು ಬೀಳುವ ದಿಕ್ಕು) ಅಂತ ಪದೇ ಪದೇ ಇದೆಯಾ ನೋಡಿ.
- ವಿ5ಸಿ ಲಾಗ್ ಬುಕ್ (ಕಾರಿನ ನೋಂದಣಿ ಪತ್ರ) ಕೇಳಿ ನೋಡಿ.
- ಕಾರಿನ ಮೇಲೆ ಸಾಲ ಬಾಕಿ ಇದೆಯಾ ಅಂತ ಚೆಕ್ ಮಾಡಿಸಿ.
- ಹಳೆಯ ಮಾಲೀಕರ ರೋಡ್ ಟ್ಯಾಕ್ಸ್ ನಿಮಗೆ ಬರುವುದಿಲ್ಲ. ಟ್ಯಾಕ್ಸ್, ಇನ್ಶೂರೆನ್ಸ್ ಎರಡೂ ಆದಮೇಲೇ ಕಾರು ಹೊರಡಿಸಿ.
- ಡೀಲರ್ ಹತ್ತಿರ ಕೊಂಡ ಕಾರಿನಲ್ಲಿ ಮೊದಲೇ ದೋಷವಿದ್ದರೆ 30 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ. ಖಾಸಗಿಯಾಗಿ ಕೊಂಡರೆ ಆ ಹಕ್ಕಿಲ್ಲ.

ಕಾರು ನೋಡಲು ಒಬ್ಬರೇ ಹೋಗಬೇಡಿ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಊರು, ಸಮಯ ಹಾಕಿ. ಹತ್ತಿರದವರು ಯಾರಾದರೂ ಜೊತೆಗೆ ಬರುತ್ತಾರೆ, ಹಿಂದೆ ನಿಂತು ಬ್ರೇಕ್ ಲೈಟ್ ನೋಡಲಿಕ್ಕೂ ಒಬ್ಬರು ಬೇಕಲ್ಲ.