ಹೊಲಕ್ಕೆ ಒಯ್ಯುವ ಪ್ರಖರ ಟಾರ್ಚು: ಸೆಲ್ಲು ಆರಿಸುವುದು, ಜೋಪಾನ ಮಾಡುವುದು

ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಟಾರ್ಚಿಗೇ ‘ಬ್ಯಾಟರಿ’ ಎನ್ನುವುದು ರೂಢಿ; ಅದರೊಳಗೆ ಹಾಕುವುದು ಬರೀ ‘ಸೆಲ್ಲು’. ಹಳೆಯ ಬಲ್ಬಿನ ಕಾಲದಲ್ಲಿ ಸೆಲ್ಲಿನ ಬಗ್ಗೆ ಅಷ್ಟೇನೂ ಯೋಚಿಸಬೇಕಿರಲಿಲ್ಲ, ಏಕೆಂದರೆ 1.5 ವೋಲ್ಟಿನ ಆ ಸೆಲ್ಲುಗಳು ಕೆಟ್ಟರೆ ಸೋರಿ, ಸ್ಪ್ರಿಂಗಿಗೆ ತುಕ್ಕು ಹಿಡಿಸಿ ಸುಮ್ಮನಾಗುತ್ತಿದ್ದವು. ಈಗ ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವವರ ಕೈಯಲ್ಲಿ ಸಾವಿರಾರು ಲ್ಯೂಮೆನ್ ಬೆಳಕಿನ ಎಲ್‌ಇಡಿ ಟಾರ್ಚುಗಳು ಬಂದಿವೆ. ಎರೆಮಣ್ಣಿನ ಬಿರುಕಿನ ಬದಿಗೆ ಕೊಳಕುಮಂಡಲ ಬಿದ್ದುಕೊಂಡಿದ್ದರೆ ಕಾಲಿಡುವ ಮೊದಲೇ ತೋರಿಸುವ ಈ ಬೆಳಕು ಜೀವ ಉಳಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಬೆಳಕನ್ನು ಕೊಡುವ ಲಿಥಿಯಂ ಅಯಾನ್ ಸೆಲ್ಲು ಹಳೆಯ ಸೆಲ್ಲಿನ ಜಾತಿಯದಲ್ಲ. ಅದು ಕೆಟ್ಟರೆ ಸೋರಿ ಸುಮ್ಮನಾಗುತ್ತದೆ ಎನ್ನುವಂತಿಲ್ಲ, ಹೊತ್ತಿಕೊಳ್ಳಲೂಬಹುದು. ಆದ್ದರಿಂದ ಟಾರ್ಚು ಕೊಳ್ಳುವಾಗ ಹಾಕುವ ಲೆಕ್ಕವನ್ನು ಸೆಲ್ಲು ಕೊಳ್ಳುವಾಗಲೂ ಹಾಕಬೇಕು.

ಮೊದಲು ಅಳತೆ. ಸೆಲ್ಲಿನ ಹೆಸರಿನಲ್ಲಿರುವ ಅಂಕಿಯೇ ಅದರ ಗಾತ್ರ: 18650 ಎಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, 21700 ಎಂದರೆ 21 ಮತ್ತು 70. ಎರಡರದ್ದೂ ಸಾಮಾನ್ಯ ವೋಲ್ಟೇಜು 3.6 ಅಥವಾ 3.7, ಪೂರ್ತಿ ಚಾರ್ಜಾದಾಗ 4.2. ಗೋಡೆ ಗಡಿಯಾರದ ಸೆಲ್ಲಿನಷ್ಟೇ ಗಾತ್ರದ 14500 ಎಂಬ ಸೆಲ್ಲೂ ಇದೇ 3.7 ವೋಲ್ಟಿನದು. ಗಾತ್ರ ಹೊಂದಿತೆಂದು ಅದನ್ನು ಸಾಮಾನ್ಯ ಟಾರ್ಚಿಗೆ ಹಾಕಿದರೆ ಒಳಗಿನ ಸರ್ಕ್ಯೂಟು ಸುಟ್ಟುಹೋಗಬಹುದು.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘ಎಷ್ಟು ಎಂಎಎಚ್’ ಎಂದು. ಅದು ಸೆಲ್ಲು ಒಟ್ಟು ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ, ಕೆರೆಯ ನೀರಿನಂಥ ಲೆಕ್ಕ ಮಾತ್ರ. ತೂಬು ಎಷ್ಟು ಅಗಲ, ಅಂದರೆ ಒಮ್ಮೆಗೆ ಎಷ್ಟು ಆಂಪಿಯರ್ ಕರೆಂಟು ಹರಿಸಬಲ್ಲದು ಎಂಬುದು ಬೇರೆಯೇ ಲೆಕ್ಕ. ಒಂದೇ ಸೆಲ್ಲಿನಿಂದ 3000ಕ್ಕೂ ಹೆಚ್ಚು ಲ್ಯೂಮೆನ್ ಕೊಡುವ ಟಾರ್ಚು ಪೂರ್ಣ ಬೆಳಕಿನಲ್ಲಿ 10 ಆಂಪಿಯರ್ ದಾಟಿ ಎಳೆಯಬಹುದು. ಸೆಲ್ಲು ನಿರಂತರವಾಗಿ ಅಷ್ಟು ಕೊಡಲು ತಯಾರಾಗಿರದಿದ್ದರೆ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಉದಾಹರಣೆಗೆ ಸ್ಯಾಮ್‌ಸಂಗ್ 50ಇ ಎಂಬ 21700 ಸೆಲ್ಲು 5000 ಎಂಎಎಚ್ ಹಿಡಿಯುತ್ತದೆ, ಆದರೆ ಕೊಡುವುದು ಸುಮಾರು 10 ಆಂಪಿಯರ್. ಮೊಲಿಸೆಲ್ ಪಿ42ಎ ಹಿಡಿಯುವುದು 4200 ಎಂಎಎಚ್, ಆದರೆ 45 ಆಂಪಿಯರ್‌ವರೆಗೆ ಕೊಡಬಲ್ಲದು. ರಾತ್ರಿಯಿಡೀ ಮಂದ ಬೆಳಕು ಬೇಕಾದವರಿಗೆ ಮೊದಲಿನದು, ದೂರಕ್ಕೆ ಒಮ್ಮೆಲೇ ಪ್ರಖರ ಬೆಳಕು ಬಿಡಬೇಕಾದವರಿಗೆ ಎರಡನೆಯದು ಸರಿ. ಟಾರ್ಚಿನ ಕೈಪಿಡಿಯಲ್ಲಿ ಆಂಪಿಯರ್ ಬರೆದಿದ್ದರೆ ಅದನ್ನೇ ಹಿಡಿದು ಸೆಲ್ಲು ಹುಡುಕಿರಿ.

ಇನ್ನು ನಕಲಿ ಸೆಲ್ಲು. 18650 ಗಾತ್ರದ ಒಳ್ಳೆಯ ಸೆಲ್ಲುಗಳೂ ಹೆಚ್ಚಾಗಿ ಹಿಡಿಯುವುದು 3500 ಎಂಎಎಚ್ ಸುತ್ತಮುತ್ತ. ಹೀಗಿದ್ದರೂ ನಾನು ಒಮ್ಮೆ ‘9800’ ಎಂದು ಅಚ್ಚೊತ್ತಿದ್ದ ಸೆಲ್ಲಿಗೆ ಮರುಳಾಗಿ ಎರಡು ಕೊಂಡೆ. ಅವು ಅರ್ಧ ಗಂಟೆಗೆ ಮಂಕಾದಾಗ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದು, ಅವರ ಚಿನ್ನದ ತಕ್ಕಡಿಯ ಮೇಲೆ ಇಟ್ಟೆ. ಮುಳ್ಳಿಲ್ಲದ ಆ ತಕ್ಕಡಿಯ ಹಸಿರು ಅಂಕಿ 32ಕ್ಕೆ ನಿಂತಿತು. ಪಕ್ಕದಲ್ಲಿ ನನ್ನ ಹಳೆಯ ಒಳ್ಳೆಯ ಸೆಲ್ಲು ಇಟ್ಟಾಗ 47 ಗ್ರಾಂ. ಒಳ್ಳೆಯ 18650 ಸೆಲ್ಲು ಸಾಮಾನ್ಯವಾಗಿ 45 ಗ್ರಾಮಿನ ಆಸುಪಾಸು, 21700 ಸುಮಾರು 70 ಗ್ರಾಂ ತೂಗುತ್ತದೆ. ತೂಕವೊಂದೇ ಪೂರ್ಣ ಸಾಕ್ಷಿಯಲ್ಲ, ಆದರೆ ತೀರಾ ಹಗುರಾದದ್ದನ್ನು ನಂಬಬೇಡಿ. ಭಾರತೀಯ ಮಾನಕ ಬ್ಯೂರೊದ ಐಎಸ್ 16046 ನೋಂದಣಿ ಗುರುತು ಇದೆಯೇ ಎಂಬುದನ್ನೂ ನೋಡಿ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ಲುಗಳು ಅಗ್ಗವಾಗಿ ಸಿಗುತ್ತವೆ. ಅವು ಎಷ್ಟು ಸವೆದಿವೆ ಎಂದು ಅಳೆಯುವ ಸಲಕರಣೆಯಿಲ್ಲದವರು ಅವುಗಳ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಕೆಲವು ಸೆಲ್ಲುಗಳ ಬುಡದಲ್ಲಿ ರಕ್ಷಣಾ ಸರ್ಕ್ಯೂಟು ಇರುತ್ತದೆ. ಅತಿಯಾಗಿ ಚಾರ್ಜಾದರೆ, ಅತಿಯಾಗಿ ಖಾಲಿಯಾದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿಯುತ್ತದೆ. ಹೊಸದಾಗಿ ಬಳಸುವವರಿಗೆ ನನ್ನ ಸಲಹೆ ಇದೇ ಬಗೆಯ ಸೆಲ್ಲು. ಆದರೆ ಇದು ಕೆಲವು ಮಿಲಿಮೀಟರ್ ಉದ್ದವಾಗಿರುವುದರಿಂದ ಟಾರ್ಚಿನಲ್ಲಿ ಕೂರುವುದೇ ಎಂದು ನೋಡಬೇಕು; ಅದರ ಆಂಪಿಯರ್ ಮಿತಿ ಟಾರ್ಚಿನ ಸೆಳೆತಕ್ಕಿಂತ ಕಡಿಮೆಯಿದ್ದರೆ ಪೂರ್ಣ ಬೆಳಕು ಒತ್ತಿದ ಕ್ಷಣವೇ ಕತ್ತಲಾಗುತ್ತದೆ, ಹೊಲದ ನಡುವೆ ಅದೂ ಅಪಾಯವೇ.

ಎಷ್ಟು ಸೆಲ್ಲಿನ ಟಾರ್ಚು ಕೊಳ್ಳಬೇಕು ಎಂದು ಕೇಳುವವರಿಗೆ ನಾನು ‘ಒಂದೇ ಸೆಲ್ಲಿನದು’ ಎನ್ನುತ್ತೇನೆ. ಸೆಲ್ಲುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಹಾಕುವ ಟಾರ್ಚಿನಲ್ಲಿ ಒಂದು ಹಳತು, ಇನ್ನೊಂದು ಹೊಸತು ಇದ್ದರೆ ಹಳತು ಮೊದಲು ಖಾಲಿಯಾಗುತ್ತದೆ. ಹೊಸತು ಅದರ ಮೂಲಕ ಕರೆಂಟನ್ನು ದೂಡುತ್ತಲೇ ಇರುವುದರಿಂದ ಖಾಲಿಯಾದ ಸೆಲ್ಲು ತಿರುಗುಮುರುಗಾಗಿ ಚಾರ್ಜಾಗತೊಡಗಿ ಬಿಸಿಯೇರಿ, ಒಳಗೆ ಅನಿಲ ತುಂಬಿ ಒಡೆಯಬಹುದು. ನೀರು ಒಳಹೋಗದಂತೆ ಬಿಗಿಯಾಗಿ ಮುಚ್ಚಿದ ಲೋಹದ ಕೊಳವೆಯೊಳಗೆ ಆ ಅನಿಲಕ್ಕೆ ಹೊರದಾರಿ ಇರುವುದಿಲ್ಲ. ಅಂಥ ಟಾರ್ಚು ಈಗಾಗಲೇ ನಿಮ್ಮಲ್ಲಿದ್ದರೆ, ಒಂದೇ ಕಂಪನಿಯ ಒಂದೇ ಮಾದರಿಯ ಸೆಲ್ಲುಗಳನ್ನು ಒಟ್ಟಿಗೇ ಕೊಂಡು, ಒಟ್ಟಿಗೇ ಚಾರ್ಜು ಮಾಡಿ, ಒಟ್ಟಿಗೇ ಬದಲಿಸಿ.

ಸೆಲ್ಲಿನ ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ. ಸೆಲ್ಲಿನ ಪಕ್ಕೆ, ಬುಡ, ಮೇಲಂಚಿನ ಮಡಿಕೆ ಎಲ್ಲವೂ ಋಣ ಧ್ರುವವೇ. ನಡುವಿನ ಬಿಲ್ಲೆ ಮಾತ್ರ ಧನ. ಈ ಎರಡರ ನಡುವಿನ ಅಂತರ ಉಗುರಿನ ದಪ್ಪದಷ್ಟಿರುತ್ತದೆ, ಅದನ್ನು ಕಾಯುವುದು ಒಂದು ಸಣ್ಣ ಬಿಳಿ ಉಂಗುರ ಮತ್ತು ಈ ಹೊದಿಕೆ. ಮೇಲಂಚಿನಲ್ಲಿ ಹೊದಿಕೆ ಹರಿದಿದ್ದರೆ ಆ ಸೆಲ್ಲನ್ನು ಬಳಸಬೇಡಿ. ಬಿಡಿ ಸೆಲ್ಲನ್ನು ಬೀಗದಕೈ, ಚಿಲ್ಲರೆ ಇರುವ ಜೇಬಿನಲ್ಲಿ ಇಡಬೇಡಿ. ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಳ್ಳಿ.

ಚಾರ್ಜಿನ ವಿಷಯದಲ್ಲಿ ನಮ್ಮ ಭಾಗದ ಬಿಸಿಲನ್ನು ಮರೆಯುವಂತಿಲ್ಲ. ಹೆಚ್ಚಿನ ಸೆಲ್ಲುಗಳನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜು ಮಾಡಬಾರದು. ಮೇ ತಿಂಗಳಲ್ಲಿ ಕಲಬುರಗಿಯ ನೆರಳೇ 42 ದಾಟುವಾಗ ತಗಡಿನ ಶೆಡ್ಡಿನೊಳಗಿನ ಸೆಕೆ ಎಷ್ಟಿರುತ್ತದೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಜಾವವೇ ಚಾರ್ಜು ಮಾಡಿ. ನಾನು ಚಾರ್ಜರನ್ನು ಶಹಾಬಾದ್ ಕಲ್ಲಿನ ನೆಲದ ಮೇಲಿಡುತ್ತೇನೆ. ಹಾಸಿಗೆ, ಹತ್ತಿ ಚೀಲ, ಕಣಕಿ, ತೊಗರಿ ಕಟ್ಟಿಗೆಯ ಬಳಿ ಎಂದಿಗೂ ಬೇಡ. 4.2 ವೋಲ್ಟಿಗೆ ತಾನೇ ನಿಲ್ಲಿಸುವ ಚಾರ್ಜರೇ ಬೇಕು, ಎಲ್ಲರೂ ಮಲಗಿದ ಮೇಲೆ ಹಾಕಿಬಿಡುವುದು ಬೇಡ. ಟಾರ್ಚನ್ನು ಟ್ರ್ಯಾಕ್ಟರಿನ ಮೇಲೆ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಚೀಲದಲ್ಲಿ ಒಯ್ಯುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಹೆಚ್ಚಿನ ಟಾರ್ಚುಗಳಲ್ಲಿ ಸಂಪರ್ಕ ಕಡಿದು, ಗುಂಡಿ ಒತ್ತಿಹೋದರೂ ಹತ್ತುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ಸೆಲ್ಲನ್ನು ಹೊರತೆಗೆದು, ತಂಪು ಜಾಗದಲ್ಲಿಡಿ.

ಚಾರ್ಜಾಗುವಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುವ, ಸಿಹಿಯಾದ ಥಿನ್ನರಿನಂಥ ವಾಸನೆ ಬರುವ, ತಗ್ಗು ಬಿದ್ದ, ಮಳೆ ನೀರು ಒಳಹೊಕ್ಕ ಅಥವಾ ಮೀಟರಿನಲ್ಲಿ 2 ವೋಲ್ಟಿಗಿಂತ ಕೆಳಗೆ ತೋರಿಸುವ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಹೊಗೆ ಬಂದರೆ ಕೈಯಿಂದ ಮುಟ್ಟದೆ ಪ್ಲಗ್ಗಿನ ಕರೆಂಟು ತೆಗೆದು, ಮನೆಯವರನ್ನೆಲ್ಲ ಹೊರಗೆ ಕಳಿಸಿ, ದೂರದಿಂದ ಧಾರಾಳವಾಗಿ ನೀರು ಸುರಿಯಿರಿ. ಆ ಹೊಗೆ ವಿಷ, ಉಸಿರಾಡಬೇಡಿ. ಸತ್ತ ಸೆಲ್ಲಿನ ಎರಡೂ ತುದಿಗೆ ಟೇಪು ಸುತ್ತಿ ಬೇರೆಯಾಗಿಡಿ. ತಿಪ್ಪೆಗೆ ಎಸೆಯದೆ, ಕಸದ ಜೊತೆ ಸುಡದೆ, ಇ-ತ್ಯಾಜ್ಯ ಅಥವಾ ಹಳೆ ಬ್ಯಾಟರಿ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಬ್ಯಾಟರಿಯನ್ನು ಉಳಿದ ಕಸದಿಂದ ಬೇರ್ಪಡಿಸಿ ಕೊಡುವ ಹೊಣೆಯನ್ನು ಬಳಕೆದಾರರ ಮೇಲೆಯೇ ಹಾಕಿವೆ.