ವಾರ್ಡಿನ ಪ್ರಶ್ನೆಯಿಂದ ಮೊಬೈಲ್ ಅಧ್ಯಯನದವರೆಗೆ: ನನ್ನ ಅನುಭವ

ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ನನ್ನ ಬಳಿ ಬರುವವರ ಸಂಶೋಧನಾ ಪ್ರಸ್ತಾವದಲ್ಲಿ, ಅಂದರೆ ಸಿನಾಪ್ಸಿಸ್‌ನಲ್ಲಿ ಈಚೆಗೆ ಮೊದಲ ಸಾಲಿಗೇ ‘ಆ್ಯಪ್ ತಯಾರಿಕೆ’ ಎಂದಿರುತ್ತದೆ. ನಾನು ಮೊದಲು ಅದನ್ನು ಹೊಡೆದುಹಾಕಿಸುತ್ತೇನೆ. ಅನುದಾನ ಮುಗಿದ ಮೇಲೆ ಆ್ಯಪನ್ನು ಸಾಕುವವರಿಲ್ಲ. ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆಯೇ ಎಷ್ಟೋ ಸಲ ಅದರ ರಿಮೈಂಡರ್ ತಡೆದುಬಿಡುತ್ತದೆ. ಸಂಶೋಧನೆಯ ಪ್ರಶ್ನೆ ಪಾಳಿ ಬದಲಾಗುವಾಗ ನರ್ಸ್‌ಗಳು ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲೇ ಇರುತ್ತದೆ: ಡಿಸ್ಚಾರ್ಜ್ ಆದವರು ಫಾಲೋ-ಅಪ್‌ಗೆ ಯಾಕೆ ಬರಲಿಲ್ಲ, ಮಾತ್ರೆ ಬಿಟ್ಟದ್ದು ನಮಗೆ ಯಾವಾಗ ಗೊತ್ತಾಯಿತು? ಇದಕ್ಕೆ ಎಸ್‌ಎಂಎಸ್, ನರ್ಸ್ ಮಾಡುವ ಒಂದು ಕರೆ, ಟ್ಯಾಬ್‌ನಲ್ಲಿ ಒಂದು ಓಡಿಕೆ (ODK, ದತ್ತಾಂಶ ಸಂಗ್ರಹಿಸುವ ತಂತ್ರಾಂಶ) ಫಾರಂ ಸಾಕು.

ಎಸ್‌ಎಂಎಸ್ ಸುಲಭ ಅಂದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ, ಕನ್ನಡದಲ್ಲಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ಒತ್ತಿನ ಹಿಂದಿನ ಹಲಂತ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಮಾತ್ರೆ’ ಕಣ್ಣಿಗೆ ಎರಡಕ್ಷರ, ಎಣಿಕೆಗೆ ಆರು. ‘ನಮಸ್ಕಾರ. ಗುರುವಾರ ಬೆಳಿಗ್ಗೆ 10ಕ್ಕೆ ಬನ್ನಿ. ಚೀಟಿ ತನ್ನಿ.’ ಇಷ್ಟಕ್ಕೇ 51 ಆಯಿತು. 70 ದಾಟಿದರೆ ಎರಡು ಸಂದೇಶದ ದುಡ್ಡು. ಜೊತೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ ಮಾದರಿಗೆ ಹೊಂದದ ಸಂದೇಶ ಹೋಗುವುದೇ ಇಲ್ಲ. ಅಧ್ಯಯನಕ್ಕೆ ನೈತಿಕ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ ವಾರವೇ ಈ ಕೆಲಸ ಶುರುಮಾಡಿ. ಸಂದೇಶದಲ್ಲಿ ‘ಮಾನಸಿಕ’ ಎಂಬ ಪದವಾಗಲಿ, ಮಾತ್ರೆಯ ಹೆಸರಾಗಲಿ ಬೇಡ. ಫೋನ್ ಮನೆಯವರೆಲ್ಲರ ಕೈಯಲ್ಲಿ ಓಡಾಡುತ್ತದೆ.

ಅದಕ್ಕೇ ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಂಡ ದಿನವೇ ನಾಲ್ಕು ವಿಷಯ ಕೇಳಿ ಬರೆದುಕೊಳ್ಳುತ್ತೇನೆ: ಫೋನ್ ಯಾರದು, ಯಾವ ಹೊತ್ತಿಗೆ ಇವರ ಕೈಯಲ್ಲಿರುತ್ತದೆ, ರೀಚಾರ್ಜ್ ಮಾಡಿಸುವವರು ಯಾರು, ಬೇರೆಯವರು ಎತ್ತಿದರೆ ನಾವು ಏನೆಂದು ಹೇಳಬೇಕು. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಉತ್ತರವನ್ನು ರೋಗಿಯ ಮಾತಲ್ಲೇ ಬರೆದುಕೊಂಡು, ಕರೆ ಮಾಡುವವರು ಅದನ್ನೇ ಹೇಳಬೇಕು. ಒಪ್ಪಿಗೆ ಪಡೆದು ಇನ್ನೊಂದು ನಂಬರೂ ಇಟ್ಟುಕೊಳ್ಳಿ. ರೀಚಾರ್ಜ್ ಮುಗಿದ ಸಿಮ್‌ಗೆ ಸ್ವಲ್ಪ ದಿನದಲ್ಲಿ ಒಳಬರುವ ಕರೆಯೂ ನಿಂತುಹೋಗುತ್ತದೆ.

ಖಿನ್ನತೆಯ ಅಳತೆಗೆ ಪಿಎಚ್‌ಕ್ಯೂ-9 ಬಳಸುತ್ತೇನೆ: ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು ಗರಿಷ್ಠ 27. ಕನ್ನಡ ರೂಪ ಕೈಗೆ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಂಟು-ಹತ್ತು ಜನರಿಗೆ ಒಂದೊಂದೇ ಪ್ರಶ್ನೆ ಓದಿ ಹೇಳಿ, ‘ಇದರಲ್ಲಿ ಏನು ಕೇಳಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ‘ಖಿನ್ನತೆ’ ಪುಸ್ತಕದ ಪದ. ಜನ ‘ಬೇಜಾರು’, ‘ಯಾವುದರಲ್ಲೂ ಮನಸ್ಸಿಲ್ಲ’ ಅನ್ನುತ್ತಾರೆ. ಹಸಿವಿನ ಪ್ರಶ್ನೆಯಲ್ಲಿ ಊಟ ಸೇರದಿರುವುದೂ ಅತಿಯಾಗಿ ತಿನ್ನುವುದೂ ಒಟ್ಟಿಗೇ ಇರುವುದರಿಂದ ಹಲವರು ಎರಡನೆಯ ಭಾಗಕ್ಕೆ ಮಾತ್ರ ‘ಇಲ್ಲಪ್ಪ’ ಎಂದು ಸೊನ್ನೆ ಹಾಕಿಸುತ್ತಾರೆ. ಫೋನಿನಲ್ಲಿ ಕೇಳುವಾಗ ನಡುವೆ ನಿಲ್ಲಿಸಿ ಎರಡು ಭಾಗವಾಗಿ ಓದಬೇಕು. ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬಲ್ಲಿ ಲೆಕ್ಕ ತಪ್ಪುತ್ತದೆ. ಕ್ಯಾಲೆಂಡರಿನ 14 ದಿನ ತೋರಿಸಿದರೆ ತಟ್ಟನೆ ಉತ್ತರ ಬರುತ್ತದೆ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುತ್ತ ಕೂರುವಂತಿಲ್ಲ. ಅವತ್ತೇ ತರಬೇತಿ ಪಡೆದ ನರ್ಸ್ ಮಾತಾಡಬೇಕು, ಅವರ ಹಿಂದೆ ಒಬ್ಬ ವೈದ್ಯರ ಹೆಸರು ಡ್ಯೂಟಿ ಪಟ್ಟಿಯಲ್ಲಿರಬೇಕು. ರೋಗಿಯೇ ಫೋನಿನಲ್ಲಿ ಫಾರಂ ತುಂಬುವುದಾದರೆ ರಾತ್ರಿ ಹನ್ನೊಂದಕ್ಕೂ ಉತ್ತರ ಬರುತ್ತದೆ. ಅದನ್ನು ಬೆಳಿಗ್ಗೆವರೆಗೆ ಯಾರೂ ನೋಡುವುದಿಲ್ಲ ಎಂದಾದರೆ ಪರದೆಯ ಮೇಲೆ ಹಾಗೆಂದೇ ಬರೆದು, ಕೆಳಗೆ ಟೆಲಿ-ಮಾನಸ್ ನಂಬರ್ 14416 ಕೊಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಈ ಸೇವೆ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಫಾರಂ ಕಳುಹಿಸುವ ಮೊದಲು ನೀವೇ ಒಮ್ಮೆ ಆ ನಂಬರಿಗೆ ಕರೆ ಮಾಡಿ ನೋಡಿ.

ಎಷ್ಟು ಜನರನ್ನು ಸೇರಿಸಬೇಕು ಎಂಬ ಸ್ಯಾಂಪಲ್ ಸೈಜ್ ಲೆಕ್ಕದಲ್ಲಿ ಒಂದೇ ತಪ್ಪು ಪದೇ ಪದೇ ಕಾಣುತ್ತದೆ. ಎರಡು ಗುಂಪು, ಸರಾಸರಿಗಳ ನಡುವೆ 3 ಅಂಕದ ವ್ಯತ್ಯಾಸ, ಎಸ್‌ಡಿ (ಅಂಕಗಳ ಹರಡಿಕೆಯ ಅಳತೆ) 5, ಪವರ್ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಸಿಗುವ ಸಾಧ್ಯತೆ) ಶೇ 80 ಎಂದಿಟ್ಟುಕೊಂಡರೆ ಗುಂಪಿಗೆ 44 ಜನ ಬೇಕು. ನಾಲ್ಕರಲ್ಲೊಬ್ಬರು ಬಿಟ್ಟುಹೋಗುತ್ತಾರೆ ಎಂದು 44ಕ್ಕೆ ಅದರ ಶೇ 25 ಸೇರಿಸಿ 55 ಎನ್ನುತ್ತಾರೆ. 55ರಲ್ಲಿ ಕಾಲುಭಾಗ ಹೋದರೆ ಉಳಿಯುವುದು 41. ಕೂಡಿಸಬಾರದು, 0.75ರಿಂದ ಭಾಗಿಸಬೇಕು. 59 ಬರುತ್ತದೆ.

ಅನುಮತಿಗಳಲ್ಲಿ ಕ್ರಮ ತಪ್ಪಬಾರದು. ಎಥಿಕ್ಸ್ ಕಮಿಟಿಯ ಪತ್ರ, ಆಮೇಲೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಾದ ಸಿಟಿಆರ್‌ಐ ನೋಂದಣಿ, ಆಮೇಲಷ್ಟೇ ಮೊದಲ ರೋಗಿ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು ಮಧ್ಯಪ್ರವೇಶದ (ಚಿಕಿತ್ಸೆಯನ್ನೋ ನೆರವನ್ನೋ ಕೊಟ್ಟು ಪರಿಣಾಮ ನೋಡುವ) ಅಧ್ಯಯನಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿಯೂ ಬೇಕು. ಮೊದಲ ಪಿಎಚ್‌ಡಿಗೆ ಆ ದಾರಿ ಹಿಡಿಯಬೇಡಿ.

ಇನ್ನು ಕನ್ನಡ ದತ್ತಾಂಶದ ಗೋಳು. ಡಿಟಿಪಿಯವರು ಫಾರಂ ಟೈಪ್ ಮಾಡಿಕೊಡುವುದು ಹಳೆಯ ನುಡಿ ಫಾಂಟಿನಲ್ಲಿ. ಅದನ್ನು ಓಡಿಕೆಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸಿ, ರ್ಕ, ರ್ಥ ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಬೇಕು. ಅರ್ಕಾವತ್ತು ಪರಿವರ್ತನೆಯಲ್ಲಿ ಜಾಗ ಬದಲಿಸಿಬಿಡುತ್ತದೆ. ಹೊರತೆಗೆದ ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಕನ್ನಡ ಉತ್ತರಗಳೆಲ್ಲ ಕೆಟ್ಟುಹೋಗಬಹುದು. ಇಂಪೋರ್ಟ್‌ಗೆ ಹೋಗಿ ಯುಟಿಎಫ್-8 ಆರಿಸಿ ತನ್ನಿ, ಮೂಲ ಕಡತವನ್ನು ಮುಟ್ಟದೆ ಬೇರೆ ಇಡಿ.

ಕರೆಯ ಫಲಿತಾಂಶಕ್ಕೆ ‘ಸಿಗಲಿಲ್ಲ’ ಎಂಬ ಒಂದೇ ಕೋಡ್ ಇಡಬೇಡಿ. ಸ್ವಿಚ್ ಆಫ್, ರಿಂಗಾಯಿತು ಎತ್ತಲಿಲ್ಲ, ಬೇರೆಯವರು ಎತ್ತಿದರು, ನಂಬರ್ ಚಾಲ್ತಿಯಲ್ಲಿಲ್ಲ, ಮಾತಾಡಲು ಒಪ್ಪಲಿಲ್ಲ, ಮತ್ತೆ ದಾಖಲಾಗಿದ್ದಾರೆ: ಆರು ಬೇರೆ ಬೇರೆ. ಕೊನೆಯದನ್ನು ವಾರ್ಡಿನ ಅಡ್ಮಿಷನ್ ರಿಜಿಸ್ಟರ್ ಜೊತೆ ಪ್ರತಿ ಸೋಮವಾರ ತಾಳೆ ನೋಡುತ್ತೇನೆ. ಇಲ್ಲದಿದ್ದರೆ ಕಾಯಿಲೆ ಹೆಚ್ಚಾಗಿ ಮತ್ತೆ ಸೇರಿದವರು ವಿಶ್ಲೇಷಣೆಯಿಂದ ಜಾರಿಹೋಗಿ, ಉಳಿದವರ ಅಂಕ ನೋಡಿ ನಮ್ಮ ಕರೆಗಳೇ ಗುಣಮಾಡಿದವು ಎಂದು ಬರೆದುಬಿಡುತ್ತೇವೆ.