ಕ್ಯಾನ್ವಾಸ್‌ನಲ್ಲಿ ಚೌಕ ಎಳೆಯುವಾಗ ಜಿಗಿಯದಿರಲು

ವೆಬ್ ಪುಟದಲ್ಲಿ ಕೋಡ್‌ನಿಂದ ಚಿತ್ರ ಬರೆಯುವ ಜಾಗವೇ ಕ್ಯಾನ್ವಾಸ್. ಅದರ ಮೇಲಿನ ಚೌಕವನ್ನು ಮೌಸ್‌ನಿಂದ ಹಿಡಿದ ತಕ್ಷಣ ಅದು ಟಣ್ಣನೆ ಜಿಗಿಯುತ್ತಿದ್ದರೆ, ಮೌಸ್‌ಡೌನ್ (ಬಟನ್ ಒತ್ತಿದ್ದು) ಆದಾಗಲೇ ಮೌಸ್ ಇರುವ ಜಾಗದಿಂದ ಚೌಕದ ಎಕ್ಸ್, ವೈ ಕಳೆದು ಆ ಅಂತರವನ್ನು ಇಟ್ಟುಕೊಳ್ಳಿ. ಮೌಸ್‌ಮೂವ್‌ನಲ್ಲಿ, ಅಂದರೆ ಮೌಸ್ ಸರಿದಾಗಲೆಲ್ಲ, ಹೊಸ ಜಾಗದಿಂದ ಅದೇ ಅಂತರ ಕಳೆದು, ಪೂರ್ತಿ ಅಳಿಸಿ ಮತ್ತೆ ಬರೆಯಿರಿ. ಅಂತರ ಕಳೆಯದಿದ್ದರೆ ಚೌಕದ ಎಡ ಮೇಲಿನ ಮೂಲೆ ಸೀದಾ ಕರ್ಸರ್ ಕೆಳಗೆ ಬಂದು ಕೂರುತ್ತದೆ, ಜಿಗಿತ ಅಂದರೆ ಅದೇ. ನಮ್ಮ ಮೈಸೂರಿನ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವ ಮೆಟ್ಟಿಲುಗಳ ನಕ್ಷೆ ಮಾಡುತ್ತಿದ್ದೀರಿ ಅಂದುಕೊಳ್ಳಿ. ಪಟ್ಟದ ಗೊಂಬೆಯ ಚೌಕ 200, 80ರಲ್ಲಿದೆ. ನೀವು 230, 95ರಲ್ಲಿ ಒತ್ತಿದಿರಿ, ಅಂತರ 30, 15. ಮೌಸ್ 330, 95ಕ್ಕೆ ಹೋದರೆ ಗೊಂಬೆ 300, 80ಕ್ಕೆ ಬರುತ್ತದೆ. ಮೆಟ್ಟಿಲು ತಪ್ಪಲಿಲ್ಲ! ಗೊಂಬೆಗಳು ಒಂದರ ಮೇಲೊಂದು ಬಂದಿದ್ದರೆ ಯಾವುದನ್ನು ಒತ್ತಿದ್ದು ಅಂತ ಚೌಕಗಳ ಪಟ್ಟಿಯನ್ನು ಕೊನೆಯಿಂದ ಹುಡುಕಿ. ಕೊನೆಗೆ ಬರೆದದ್ದೇ ಮೇಲೆ ಕಾಣುವುದು ಅಲ್ವಾ? ಮೌಸ್‌ಮೂವ್, ಮೌಸ್‌ಅಪ್ (ಬಟನ್ ಬಿಟ್ಟಿದ್ದು) ಎರಡನ್ನೂ ಕ್ಯಾನ್ವಾಸ್‌ಗಲ್ಲ, ಇಡೀ ವಿಂಡೋಗೆ ಕಟ್ಟಿ. ಇಲ್ಲದಿದ್ದರೆ ಕ್ಯಾನ್ವಾಸ್ ಹೊರಗೆ ಬಟನ್ ಬಿಟ್ಟಾಗ ಅದಕ್ಕೆ ಗೊತ್ತೇ ಆಗುವುದಿಲ್ಲ, ವಾಪಸ್ ಬಂದರೆ ಗೊಂಬೆ ಸುಮ್ನೆ ಹಿಂದೆ ಹಿಂದೆ ಬರುತ್ತಿರುತ್ತದೆ. ಪುಟದ ರೂಪ ತಿದ್ದುವ ಸಿಎಸ್‌ಎಸ್‌ನಲ್ಲಿ ಕ್ಯಾನ್ವಾಸ್ ಹಿಗ್ಗಿಸಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಅಳತೆ ಕೊಡದ ಕ್ಯಾನ್ವಾಸ್ ಒಳಗೆ 300 ಅಗಲ, 150 ಎತ್ತರ ಇರುತ್ತದೆ. ಅದನ್ನು ಪರದೆಯಲ್ಲಿ 600 ಅಗಲಕ್ಕೆ ಎಳೆದಿದ್ದರೆ, ಮೊದಲು ಕ್ಯಾನ್ವಾಸ್‌ನ ಎಡ ಅಂಚಿನಿಂದ ಮೌಸ್ ಎಷ್ಟು ದೂರ ಇದೆ ನೋಡಿ, ಅದನ್ನು ಅರ್ಧ ಮಾಡಿ. ಮೊಬೈಲ್‌ನಲ್ಲಿ ಬೆರಳಿನಿಂದ ಎಳೆಯಲು ಇದು ಸಾಲದು, ಅಲ್ಲಿಗೆ ಮೌಸ್, ಬೆರಳು ಎರಡಕ್ಕೂ ಆಗುವ ಪಾಯಿಂಟರ್ ಈವೆಂಟ್‌ಗಳು ಅಥವಾ ಟಚ್ ಈವೆಂಟ್‌ಗಳು ಬೇಕು.